ತಿದ್ದದ ಕ್ಯಾಮೆರಾ ಬೇಕಾಗಿದೆ

"ಮೇಡಂ, ಪ್ರಾಜೆಕ್ಟಿಗೆ ಅಗ್ಗದ ಕ್ಯಾಮೆರಾ ಯಾವ್ದು ಒಳ್ಳೇದು?"

ಪ್ರತಿವರ್ಷ ಜುಲೈ ತಿಂಗಳು ಬಂದರೆ ಸಾಕು, ಹೊಸ ಬ್ಯಾಚಿನ ವಿದ್ಯಾರ್ಥಿಗಳು ಈ ಪ್ರಶ್ನೆ ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಲ್ಲುತ್ತಾರೆ. ಮೊದಲೆಲ್ಲ ನಗುನಗುತ್ತಾ ಹೇಳುತ್ತಿದ್ದೆ. ಈಗ ಆ ಪ್ರಶ್ನೆ ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಯಾಕೆ ಉರಿಯುತ್ತದೆ ಎಂದು ಒಮ್ಮೆ ಪೂರ್ತಿ ಬರೆದುಬಿಟ್ಟರೆ, ಮುಂದೆ ಕೇಳಿದವರ ಕೈಗೆ ಈ ಹಾಳೆಗಳನ್ನೇ ಕೊಟ್ಟು ನನ್ನ ಪಾಡಿಗೆ ನಾನಿರಬಹುದು.

ನಾನು ಮಂಗಳಗೌರಿ. ತುಮಕೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತಾರು ವರ್ಷದಿಂದ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರ್. ಅಂಗೈಯಗಲದ ಹಸಿರು ಬೋರ್ಡಿನ ಮೇಲೆ ಇಡೀ ಕಂಪ್ಯೂಟರ್ ಕೂತಿರುತ್ತದಲ್ಲ, ಅದನ್ನಿಟ್ಟುಕೊಂಡು ಏನಾದರೊಂದು ಮಾಡುವುದು ನನ್ನ ಹಳೆಯ ಚಟ. ಹಾಲು ಉಕ್ಕುವ ಮೊದಲೇ ಕೂಗುವ ಯಂತ್ರ ಮಾಡಿದ್ದೇನೆ. ಟ್ಯಾಂಕು ತುಂಬಿದರೆ ಮೋಟರ್ ಆರಿಸುವ ಯಂತ್ರ ಮಾಡಿದ್ದೇನೆ. ನಮ್ಮ ಮನೆಯವರು ಮಾತ್ರ ಇವಕ್ಕೆಲ್ಲ "ನಿನ್ನ ಆಟದ ಸಾಮಾನು" ಎಂದೇ ಹೆಸರಿಟ್ಟಿದ್ದರು.

ಮನೆಯವರೆಂದರೆ ಗಂಗಹನುಮಯ್ಯ, ಸಿಟಿ ಬಸ್ಸಿನ ಕಂಡಕ್ಟರ್. ಈಗ ೨೦೪೧. ನಮ್ಮ ಬಸ್ಸುಗಳಿಂದ ಡ್ರೈವರ್ ಇಳಿದುಹೋಗಿ ಎಂಟು ವರ್ಷವಾಯಿತು, ಬಸ್ಸು ತಾನೇ ಓಡುತ್ತದೆ. ಕಂಡಕ್ಟರ್ ಮಾತ್ರ ಉಳಿದುಕೊಂಡ. ಬಾಗಿಲಲ್ಲಿ ನೇತಾಡುವವರನ್ನು ಗದರಿಸಿ ಒಳಕ್ಕೆ ತಳ್ಳುವ ಯಂತ್ರವನ್ನು ಯಾರಿಗೂ ಮಾಡಲಾಗಲಿಲ್ಲ. ಹೀಗಾಗಿ ಇವರು ದಿನಕ್ಕೆ ಒಂಬತ್ತು ಗಂಟೆ ಬೂಟು ಹಾಕಿಕೊಂಡು ನಿಂತೇ ಇರುತ್ತಾರೆ.

ಇವರಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಅಂಗಾಲಿನಲ್ಲಿ ಸ್ಪರ್ಶವೇ ಇಲ್ಲ. ಹೋದ ವರ್ಷ ಬೂಟಿನೊಳಗೆ ಒಂದು ಸಣ್ಣ ಸ್ಕ್ರೂ ಬಿದ್ದಿತ್ತು, ಪುಣ್ಯಾತ್ಮರು ಅದರ ಮೇಲೇ ಇಡೀ ದಿನ ನಿಂತು ಟಿಕೆಟ್ ಹರಿದಿದ್ದರು. ಆಗ ಡಾಕ್ಟರ್ ಜಯಶೀಲಾ ನಮ್ಮಿಬ್ಬರನ್ನೂ ಕೂರಿಸಿಕೊಂಡು ಬೈದರು.

"ದಿನಾ ಅಂಗಾಲು ನೋಡ್ಕೋಬೇಕು ಗಂಗಹನುಮಯ್ಯನೋರೆ. ಒಂದು ಹುಣ್ಣು ಹತ್ತು ದಿನ ಕಣ್ತಪ್ಪಿದ್ರೆ ಬೆರಳು ಹೋಗತ್ತೆ. ತಿಂಗಳು ತಪ್ಪಿದ್ರೆ ಕಾಲೇ ಹೋಗತ್ತೆ. ತಮಾಷೆ ಅಲ್ಲ ಇದು."

ಇವರು ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಹೊಟ್ಟೆ ಅಡ್ಡ ಬಂದು ಬಗ್ಗಲಾಗುವುದಿಲ್ಲ ಎಂದರು. ನೆಲದ ಮೇಲಿಟ್ಟು ನೋಡಿಕೊಳ್ಳಲೆಂದು ಕನ್ನಡಿ ತಂದುಕೊಟ್ಟೆ. ಅದನ್ನು ಕಿಟಕಿಗೆ ಕಟ್ಟಿ ಮೀಸೆ ಕತ್ತರಿಸಿಕೊಳ್ಳತೊಡಗಿದರು. ನಾನೇ ನೋಡೋಣವೆಂದರೆ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಡ್ಯೂಟಿಗೆ ಹೊರಟಿರುತ್ತಾರೆ. ಸಂಜೆ ಕೇಳಿದರೆ ಕಾಲನ್ನು ಲುಂಗಿಯೊಳಗೆ ಎಳೆದುಕೊಂಡು, "ನೋಡ್ಕೊಂಡೆ ಕಣೇ, ಏನೂ ಇಲ್ಲ. ದಿನಾ ಕಾಲು ತೋರ್ಸು ಕಾಲು ತೋರ್ಸು ಅಂತ ಏನ್ ನಿಂದು?" ಎನ್ನುತ್ತಿದ್ದರು. ನೋಡಿಕೊಂಡಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹಾಗಾಗಿ ನಾನು ಒಂದು ಕಾಲುಮಣೆ ಮಾಡಲು ಹೊರಟೆ. ಮೇಲೆ ದಪ್ಪ ಗಾಜು, ಕೆಳಗೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ದೀಪ, ಕ್ಯಾಮೆರಾ, ನನ್ನ ಹಸಿರು ಬೋರ್ಡು, ಪಕ್ಕದಲ್ಲಿ ಒಂದು ಪುಟ್ಟ ಪರದೆ. ಬೂಟು ಹಾಕುವ ಮೊದಲು ಅದರ ಮೇಲೆ ನಿಂತರೆ ಕ್ಯಾಮೆರಾ ಅಂಗಾಲಿನ ಚಿತ್ರ ತೆಗೆಯಬೇಕು, ಬೋರ್ಡು ಅದನ್ನು ನಿನ್ನೆಯ ಚಿತ್ರಕ್ಕೆ ಹೋಲಿಸಬೇಕು. ತೊಗರಿಬೇಳೆಯಷ್ಟು ಕೆಂಪು ಕಂಡರೂ ಕೂಗಬೇಕು. ಏನೂ ಇಲ್ಲದಿದ್ದರೆ "ಎಲ್ಲ ಸರಿಯಾಗಿದೆ" ಎನ್ನಬೇಕು. ಆ ಮಾತನ್ನು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದೆ. ಮಿಕ್ಕಿದ್ದೆಲ್ಲ ಒಂದು ಭಾನುವಾರದಲ್ಲಿ ಮುಗಿಯಿತು, ಕ್ಯಾಮೆರಾ ಒಂದನ್ನು ಬಿಟ್ಟು.

ಕ್ಯಾಮೆರಾ ಯಾಕೆ ಕಷ್ಟವೆಂದು ಈಗಿನ ಹುಡುಗ ಹುಡುಗಿಯರಿಗೆ ಹೇಳಲೇಬೇಕು. ಅವರು ಹುಟ್ಟಿದಾಗಿನಿಂದ ತಿದ್ದಿದ ಚಿತ್ರಗಳನ್ನೇ ನೋಡಿದವರು. ಒಂದು ಕಾಲದಲ್ಲಿ ಕ್ಯಾಮೆರಾ ಎದುರಿಗಿದ್ದದ್ದನ್ನು ತೋರಿಸುತ್ತಿತ್ತು. ಚೆನ್ನಾಗಿ ತೋರಿಸಬೇಕೆಂದರೆ ಒಳ್ಳೆಯ ಗಾಜಿನ ಲೆನ್ಸ್ ಬೇಕು, ದೊಡ್ಡ ಸೆನ್ಸರ್ ಬೇಕು, ಅವು ದುಬಾರಿ. ಕಂಪನಿಗಳು ಒಂದು ಉಪಾಯ ಕಂಡುಕೊಂಡವು. ಪ್ಲಾಸ್ಟಿಕ್ ಲೆನ್ಸ್ ಹಾಕಿ, ಸೆನ್ಸರಿನ ಬೆನ್ನಿಗೇ ಊಹೆ ಮಾಡುವ ಒಂದು ತೆಳುವಾದ ಚಿಪ್ ಅಂಟಿಸಿದವು. ಅದಕ್ಕೆ ತಿದ್ದುಪದರ ಎನ್ನುತ್ತಾರೆ. ಮಸುಕಾಗಿ ಕಂಡದ್ದನ್ನು, ಅರ್ಧ ಕಂಡದ್ದನ್ನು ಅದು ಕೋಟ್ಯಂತರ ಹಳೆಯ ಚಿತ್ರಗಳ ನೆನಪಿನಿಂದ ತುಂಬಿಕೊಡುತ್ತದೆ. ಗಾಜಿಗಿಂತ ಊಹೆ ಅಗ್ಗ. ಕ್ಯಾಮೆರಾ ಅಗ್ಗವಾದಷ್ಟೂ ಅದರ ಊಹೆ ಜಾಸ್ತಿ.

ಜನ ಇದಕ್ಕೂ ಹೊಂದಿಕೊಂಡರು. ಚಿತ್ರದಲ್ಲಿ ಎಲ್ಲರ ಹಲ್ಲೂ ಸಾಲಾಗಿ ಕಾಣುವುದರಿಂದ ಹೆಣ್ಣು ನೋಡಲು ಮತ್ತೆ ಮನೆಗೇ ಬರತೊಡಗಿದರು. ಗುದ್ದಿದ ಕಾರಿನ ಫೋಟೋದಲ್ಲಿ ನೆಗ್ಗು ಕಾಣದ್ದರಿಂದ ವಿಮೆಯವರು ಸೈಕಲ್ ಹತ್ತಿ ಬಂದು ಕೈಯಾಡಿಸಿ ನೋಡತೊಡಗಿದರು. ತಿದ್ದದ ಕ್ಯಾಮೆರಾ ಇಲ್ಲವೆಂದಲ್ಲ. ಅದು ದೊಡ್ಡ ಆಸ್ಪತ್ರೆಗೆ, ಕೋರ್ಟಿಗೆ. ಕೊಳ್ಳಲು ಪರವಾನಗಿ ಬೇಕು, ಬೆಲೆ ನನ್ನ ಮೂರು ತಿಂಗಳ ಸಂಬಳ. ನನ್ನಂಥವಳು ಪೇಟೆಯ ಗಲ್ಲಿಯಲ್ಲಿರುವ ನಯಾಜ್ ಅಂಗಡಿಗೇ ಹೋಗಬೇಕು.

"ಪದರ ಇಲ್ದೇ ಇರೋದು ಬೇಕು ನಯಾಜ್," ಎಂದೆ.

"ಇದೆ ಮೇಡಂ. ಇದರಲ್ಲಿ ಪದರ ಇಲ್ಲ, ಗ್ಯಾರಂಟಿ," ಎಂದು ಒಂದನ್ನು ತೆಗೆದುಕೊಟ್ಟ.

ಲ್ಯಾಬಿಗೆ ತಂದೆ. ಪರೀಕ್ಷಿಸಲು ಮೊದಲು ಗೆರೆಗಳಿರುವ ಅಚ್ಚಿನ ಚಾರ್ಟ್ ಇಟ್ಟೆ. ನಾನು ಅದರ ಮೂಲೆಯನ್ನು ಹರಿದಿದ್ದರೂ ಚಿತ್ರದಲ್ಲಿ ಚಾರ್ಟ್ ಇಡಿಯಾಗಿ ಬಂತು. ಲೋಕದ ಎಲ್ಲ ಚಾರ್ಟುಗಳನ್ನೂ ಈ ಪದರಗಳು ಬಾಯಿಪಾಠ ಮಾಡಿಕೊಂಡಿವೆ. ಹಾಗಾದರೆ ಎಲ್ಲೂ ಅಚ್ಚಾಗದ್ದು ಬೇಕು ಎಂದುಕೊಂಡು ಲ್ಯಾಬಿನ ಕಪ್ಪು ಕಲ್ಲಿನ ಮೇಜಿನ ಮೇಲೆ ರಂಗೋಲಿ ಹಾಕಿದೆ. ಏಳು ಚುಕ್ಕಿ ಏಳು ಸಾಲು, ಸುತ್ತ ಎಳೆ. ಬೇಕೆಂದೇ ಮೂರನೇ ಸಾಲಿನಲ್ಲಿ ಒಂದು ಚುಕ್ಕಿ ಬಿಟ್ಟೆ, ಒಂದು ಎಳೆಯನ್ನು ಬೆರಳಿನಿಂದ ಅಳಿಸಿದೆ. ಇರುವ ಕೊರತೆಯನ್ನು ಇದ್ದ ಹಾಗೇ ತೋರಿಸಿದರೆ ಪಾಸು.

ಗ್ಯಾರಂಟಿಯ ಕ್ಯಾಮೆರಾ ಚುಕ್ಕಿಯನ್ನೂ ಇಟ್ಟಿತು, ಎಳೆಯನ್ನೂ ಕೂಡಿಸಿತು. ಎರಡನೆಯದು ಅದರ ಜೊತೆಗೆ ನಡುವೆ ಒಂದು ದಾಸವಾಳದ ಹೂವನ್ನೂ ಇಟ್ಟಿತು. ಮೂರನೆಯದರ ರಿಬ್ಬನ್ ಕೇಬಲ್ ನನ್ನ ಬೋರ್ಡಿನ ಕಿಂಡಿಗಿಂತ ಅಗಲ. ನಾಲ್ಕನೆಯದಕ್ಕೆ ಕೇಬಲ್ ಸರಿಹೋಯಿತು, ಬೋರ್ಡು ಮಾತ್ರ ಕ್ಯಾಮೆರಾ ಎಲ್ಲಿದೆ ಎಂದು ಮೂರು ದಿನ ನನ್ನನ್ನೇ ಕೇಳಿತು. ಐದನೆಯದು ಕತ್ತಲಲ್ಲಿ ನೋಡಲೆಂದು ಮಾಡಿದ್ದು. ಅದರಲ್ಲಿ ಹಸಿರೂ ನೇರಳೆ, ಕೆಂಪೂ ನೇರಳೆ. ಕೆಂಪು ಹುಡುಕುವ ಕೆಲಸಕ್ಕೆ ಅದನ್ನಿಟ್ಟುಕೊಂಡು ಏನು ಮಾಡಲಿ? ಪ್ರತಿಸಲವೂ ನಯಾಜ್ "ಇದು ಗ್ಯಾರಂಟಿ ಮೇಡಂ" ಎಂದೇ ಕೊಡುತ್ತಿದ್ದ. ನನಗೆ ಸಾಕುಸಾಕಾಗಿಹೋಯಿತು.

ಆರನೆಯದು ಯಾವುದೋ ಹಿಮದ ದೇಶದ ಹೆಸರು ಕೇಳದ ಕಂಪನಿಯದು. ಮುನ್ನೂರ ನಲವತ್ತು ರೂಪಾಯಿ. ಲೆನ್ಸನ್ನು ದೂರದ ನೋಟಕ್ಕೆ ಹೊಂದಿಸಿ ಗೋಂದು ಹಾಕಿ ಕೂರಿಸಿದ್ದರು. ಇಕ್ಕಳದಲ್ಲಿ ಹಿಡಿದು ಗೋಂದು ಒಡೆದು, ಉಸಿರು ಬಿಗಿಹಿಡಿದು, ಒಂದು ಗೇಣಿನ ದೂರಕ್ಕೆ ತಿರುಗಿಸಿದೆ. ರಂಗೋಲಿಯ ಚಿತ್ರ ತೆಗೆದೆ. ಮೂರನೇ ಸಾಲಿನಲ್ಲಿ ಚುಕ್ಕಿ ಇರಲಿಲ್ಲ! ಎಳೆ ತುಂಡಾಗಿಯೇ ಇತ್ತು! ಒಂಟಿಯಾಗಿ ನಿಂತುಕೊಂಡು ಲ್ಯಾಬಿನಲ್ಲಿ ಚಪ್ಪಾಳೆ ಹೊಡೆದೆ. ಹತ್ತು ಸಲ ಬೇರೆ ಬೇರೆ ರಂಗೋಲಿ ಹಾಕಿ ನೋಡಿದೆ, ಹತ್ತು ಸಲವೂ ಪಾಸು. ಸುದ್ದಿಯನ್ನು ನಯಾಜನಿಗೂ ಫೋನ್ ಮಾಡಿ ಹೇಳಿದೆ.

ಮರುದಿನದಿಂದ ಕಾಲುಮಣೆ ಕೆಲಸಕ್ಕೆ ಕೂತಿತು. ನಸುಕಿನಲ್ಲಿ ಒಳಮನೆಯಿಂದ "ಎಲ್ಲ ಸರಿಯಾಗಿದೆ" ಎಂದು ನನ್ನದೇ ದನಿ ಕೇಳಿಸಿದರೆ ನಾನು ಹಾಸಿಗೆಯಲ್ಲೇ ಮಗ್ಗುಲು ಬದಲಿಸುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಅಷ್ಟು ನೆಮ್ಮದಿಯಾಗಿ ನಾನು ಮಲಗಿರಲಿಲ್ಲ. ಸಂಜೆ ಇವರು ಬಂದಾಗ, "ಏನಂತ್ರೀ ನನ್ನ ಆಟದ ಸಾಮಾನು?" ಎಂದು ಕೆಣಕುತ್ತಿದ್ದೆ.

"ಸರಿಯಾಗೈತಂತೆ," ಎಂದು ಇವರು ನಗುತ್ತಿದ್ದರು. ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದೆ. ಕಾಲೇಜಿನಲ್ಲಿ ಒಂದು ಗಂಟೆ ಭಾಷಣವನ್ನೂ ಮಾಡಿದೆ. ಇಪ್ಪತ್ಮೂರು ದಿನ ಹೀಗೇ ನಡೆಯಿತು.

ಇಪ್ಪತ್ನಾಲ್ಕನೆಯ ದಿನ ಭಾನುವಾರ. ಇವರು ಚಿತ್ರಾನ್ನ ತಿನ್ನುತ್ತಿದ್ದರು, ನಾನು ಬಚ್ಚಲಲ್ಲಿ ಸಾಕ್ಸ್ ಒಗೆಯಲು ಕೂತೆ. ಬಲಗಾಲಿನ ಸಾಕ್ಸಿನ ತುದಿ ಗಟ್ಟಿಯಾಗಿತ್ತು. ನೀರಿಗೆ ಹಾಕಿದರೆ ಎಂಥದೋ ವಾಸನೆ. ಕೈ ಒರೆಸಿಕೊಳ್ಳದೆ ಓಡಿಬಂದು ಇವರ ಕಾಲು ಹಿಡಿದು ಎತ್ತಿದೆ.

ಹೆಬ್ಬೆರಳಿನ ಬುಡದಲ್ಲಿ ಒಂದು ತೂತು. ಸುತ್ತ ಬೆಳ್ಳಗೆ ಬೆಂಡಾದ ಚರ್ಮ, ಒಳಗೆ ಕಪ್ಪು.

"ಏನಿಲ್ಲ ಬಿಡೇ, ಬೂಟು ಕಚ್ಚೈತೆ," ಎಂದರು.

"ಬಾಯ್ಮುಚ್ಕೊಂಡು ಮಣೆ ಮೇಲೆ ನಿಂತ್ಕೊಳ್ರೀ!"

ನಿಂತರು. ದೀಪ ಹತ್ತಿತು. ನನ್ನ ದನಿ ಹೇಳಿತು: "ಎಲ್ಲ ಸರಿಯಾಗಿದೆ." ಪರದೆಯ ಮೇಲೆ ಎರಡು ಅಂಗಾಲುಗಳು ನುಣ್ಣಗೆ, ತಿಳಿಗುಲಾಬಿ ಬಣ್ಣದಲ್ಲಿ, ಒಂದು ಗೀರೂ ಇಲ್ಲದೆ ಬಂದು ಕೂತವು. ಆ ಕಾಲುಗಳು ಮೂವತ್ತು ವರ್ಷ ಬಸ್ಸಿನಲ್ಲಿ ನಿಂತ ಮನುಷ್ಯನವೇ ಅಲ್ಲ. ಇಪ್ಪತ್ಮೂರು ದಿನ ನಾನು ಆ ಚಿತ್ರಗಳಲ್ಲಿ ಒಂದನ್ನೂ ಕಣ್ಣಾರೆ ನೋಡಿರಲಿಲ್ಲ. ಯಂತ್ರವೇ ನೋಡುತ್ತದಲ್ಲ ಎಂದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಜಯಶೀಲಾ ಗಾಯಕ್ಕೆ ಸಲಾಕೆ ಹಾಕಿ ನೋಡಿದರು. ಅದು ಮೂಳೆಗೆ ತಗುಲಿದ ಸದ್ದು ನನಗೂ ಕೇಳಿಸಿತು. ಇವರಿಗೆ ನೋವೇ ಆಗಲಿಲ್ಲ, ಛಾವಣಿಯ ಫ್ಯಾನು ನೋಡುತ್ತಾ ಮಲಗಿದ್ದರು.

"ಅಡ್ಮಿಟ್ ಆಗ್ಲಿ. ಬೆರಳು ಉಳಿಯಲ್ಲ. ಕಾಲು ಉಳಿಸೋಕೆ ನೋಡ್ತೀನಿ," ಎಂದರು ಡಾಕ್ಟರ್. ನಾನು ಕಾಲುಮಣೆಯ ಕತೆ ಹೇಳಿದೆ. ಅವರು ಬೈಯಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ಫೋನಲ್ಲಿ ಗಾಯದ ಫೋಟೋ ಕಳಿಸೋರಿಗೂ ನಾನು ಬೇಡ ಅಂತೀನಮ್ಮ. ನನ್ನ ಪೇಶೆಂಟುಗಳ ಕಾಲೆಲ್ಲ ಫೋಟೋದಲ್ಲಿ ಚೆನ್ನಾಗೇ ಇರ್ತಾವೆ," ಎಂದರಷ್ಟೆ.

ಸೋಮವಾರ ರಜೆಯ ಚೀಟಿ ಬರೆದುಕೊಡಲು ಕಾಲೇಜಿಗೆ ಹೋದವಳು, ಆ ಹಾಳು ಕ್ಯಾಮೆರಾವನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ. ಲ್ಯಾಬಿನ ಬಾಗಿಲು ಹಾಕಿಕೊಂಡು ಮೊದಲು ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣು ಇಟ್ಟೆ. ಚಿತ್ರದಲ್ಲಿ ಹಣ್ಣು ಚಿನ್ನದಂತೆ ಬಂತು. ನನ್ನ ಚಪ್ಪಲಿಯ ಉಂಗುಷ್ಠ ಕಿತ್ತು ಇಟ್ಟೆ, ಚಪ್ಪಲಿ ಹೊಸದಾಯಿತು. ನನ್ನ ಕೈ ಇಟ್ಟೆ. ಹತ್ತು ವರ್ಷದ ಹಿಂದೆ ಕಾಯಿಸಿದ ಸೋಲ್ಡರಿಂಗ್ ಕಡ್ಡಿ ತಗುಲಿ ಆದ ಸುಟ್ಟ ಕಲೆ ಮಾಯ. ಕೊನೆಗೆ ರಂಗೋಲಿ ಹಾಕಿ ಚುಕ್ಕಿ ಬಿಟ್ಟೆ. ಅದನ್ನು ಮಾತ್ರ ಬಿಟ್ಟ ಹಾಗೇ ತೋರಿಸಿತು, ದರಿದ್ರದ್ದು.

ಆಗ ತಲೆಗೆ ಹೋಯಿತು. ಆ ಹಿಮದ ದೇಶದವರು ರಂಗೋಲಿಯನ್ನೇ ಕಂಡಿರಲಿಲ್ಲ. ಅವರ ಪದರಕ್ಕೆ ಅದು ಚೆಲ್ಲಿದ ಬಿಳಿ ಪುಡಿ, ತಿದ್ದಲು ಗೊತ್ತಿಲ್ಲದ್ದರಿಂದ ಸುಮ್ಮನೆ ಬಿಟ್ಟಿತ್ತು. ಕಾಲು ಅದಕ್ಕೆ ಚೆನ್ನಾಗಿ ಗೊತ್ತು. ಎಷ್ಟು ಕೋಟಿ ಕಾಲು ನೋಡಿತ್ತೋ! ನಾನು ಪರೀಕ್ಷೆ ಮಾಡಿದ್ದು ಅದರ ಪ್ರಾಮಾಣಿಕತೆಯನ್ನಲ್ಲ, ಅಜ್ಞಾನವನ್ನು. ನಮ್ಮ ಊರಿನ ಜಾಣತನವನ್ನೆಲ್ಲ ಬಳಸಿ, ಹತ್ತು ಸಲ ಹಾಕಿ ಅಳಿಸಿ, ನಾನೇ ನಂಬಿ ಮೋಸಹೋಗಿದ್ದೆ. ಕಾಲು ನೋಡಬೇಕಾದ ಕ್ಯಾಮೆರಾಕ್ಕೆ ಒಂದೇ ಒಂದು ಗಾಯದ ಕಾಲನ್ನು ತೋರಿಸಿ ನೋಡಬೇಕೆಂದು ಇಪ್ಪತ್ತಾರು ವರ್ಷದ ಇನ್‌ಸ್ಟ್ರಕ್ಟರಿಗೆ ಹೊಳೆಯಲಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಮೇಜಿನ ಮೇಲಿನ ರಂಗೋಲಿಯನ್ನು ಎರಡೂ ಕೈಯಿಂದ ಗೋರಿ ಎಸೆದೆ.

ನಯಾಜನ ಅಂಗಡಿಗೆ ಹೋಗಿ ಕೂಗಾಡಿದೆ. ಅವನು ಪೆಚ್ಚಾಗಿ ನಿಂತ. "ಮೇಡಂ, ನೀವೇ ಪಾಸ್ ಅಂದ್ರಲ್ಲಾ? ನಿಮ್ಮ ಹೆಸರು ಹೇಳೇ ನಲವತ್ತು ಪೀಸ್ ಕೊಟ್ಟಿದ್ದೀನಿ ನಾನು."

ನಲವತ್ತು! ಕೂತುಬಿಟ್ಟೆ. ಆಮೇಲೆ ಅವನ ಫೋನಿನಿಂದಲೇ ನಲವತ್ತು ಮಂದಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ, ಇದೂ ತಿದ್ದುತ್ತದೆ, ನಂಬಬೇಡಿ, ತಪ್ಪು ನನ್ನದು ಎಂದು ಹೇಳಿದೆ. ನಾಲ್ಕು ಮಂದಿ ನನ್ನನ್ನೇ ಗದರಿಸಿದರು. ಒಬ್ಬರು, ಪರವಾಗಿಲ್ಲ ಬಿಡಿ ಮೇಡಂ, ಚಿತ್ರ ಚೆನ್ನಾಗಿ ಬರುತ್ತಿದೆಯಲ್ಲ ಎಂದರು. ಇಂಥವರಿಗೆ ಏನು ಹೇಳುವುದು?

ಗುರುವಾರ ಬೆರಳು ತೆಗೆದರು. ಮಧ್ಯಾಹ್ನ ವಾರ್ಡಿನಲ್ಲಿ ಇವರಿಗೆ ಎಚ್ಚರವಾದಾಗ ನಾನು ಮೂಸಂಬಿ ಸುಲಿಯುತ್ತಿದ್ದೆ.

"ನಿಮ್ಗೆ ಒಂದ್ ಸಲಾನೂ ಗೊತ್ತಾಗ್ಲಿಲ್ವೇನ್ರೀ? ಸಾಕ್ಸ್ ಒದ್ದೆಯಾಗಿದ್ದೂ ಗೊತ್ತಾಗ್ಲಿಲ್ವಾ?" ಎಂದೆ.

ಇವರು ಗೋಡೆ ಕಡೆ ನೋಡುತ್ತಾ ಹೇಳಿದರು. "ಗೊತ್ತಾಗಿತ್ತು ಕಣೇ. ಸಾಕ್ಸ್ ಅಂಟ್ಕೊಂಡಿತ್ತು, ಬಿಡಿಸ್ದಾಗ ರಕ್ತ ಕಂಡೆ. ಒಂದು ಹದಿನೈದು ದಿನ ಆಗಿತ್ತೇನೋ."

ಮೂಸಂಬಿ ನನ್ನ ಕೈಯಲ್ಲೇ ಪಿಚಕ್ಕೆಂದಿತು. "ಮತ್ತೆ?"

"ಮತ್ತೆ ಏನು? ಮಣೆ ಮೇಲೆ ನಿಂತೆ. ಸರಿಯಾಗೈತೆ ಅಂತು. ಅದೂ ನಿನ್ ದನೀಲಿ. ನೀನು ಆರು ಕ್ಯಾಮ್ರ ತಂದು, ಒದ್ದಾಡಿ, ಊರ್ನೋರ್ನೆಲ್ಲ ಕರ್ದು ತೋರ್ಸಿ ಅಷ್ಟು ಖುಷಿಯಾಗಿದ್ದೆ. ಅದು ಸುಳ್ ಹೇಳ್ತೈತೆ ಅಂತ ನಿಂಗೆ ಹೆಂಗ್ ಹೇಳ್ಲಿ? ನಾಕ್ ದಿನಕ್ಕೆ ವಾಸಿಯಾಗ್ತದೆ, ಇವಳ್ಗ್ಯಾಕೆ ಬೇಜಾರು ಅನ್ಕೊಂಡೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೆರಳು ಹೋದ ಮನುಷ್ಯನನ್ನು ಹೊಡೆಯಲಾಗುತ್ತದೆಯೇ? "ನಿಮ್ಮಂಥ ಪೆದ್ದರನ್ನ ನಾನು ಕಂಡಿಲ್ಲ," ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಪಕ್ಕದ ಮಂಚದವರು ನೋಡುತ್ತಿದ್ದರೂ ಅತ್ತೆ. ನನ್ನ ಖುಷಿಗೆ ಒಂದು ಬೆರಳು ಕೊಟ್ಟಿದ್ದರು ಈ ಮಹಾನುಭಾವರು, ನಾನು ಕೇಳದೆ.

ಮನೆಗೆ ಬಂದು ಮೂರು ವಾರದ ಮೇಲೆ ಕಾಲಿನ ಕಟ್ಟು ಬಿಚ್ಚಿದರು. ಮರುದಿನ ಬೆಳಿಗ್ಗೆ ನಾನು ಕಾಫಿ ತರುವಷ್ಟರಲ್ಲಿ ಇವರು ಗೋಡೆ ಹಿಡಿದುಕೊಂಡು ಕಾಲುಮಣೆಯ ಮೇಲೆ ನಿಂತಿದ್ದರು. ಅದನ್ನು ಬಿಚ್ಚಿ ಎಸೆಯುವ ಮೊದಲು ಕೊನೆಯ ಸಲ ಪರೀಕ್ಷಿಸೋಣವೆಂದು ನಾನು ಕ್ಯಾಮೆರಾ ಮತ್ತೆ ಜೋಡಿಸಿದ್ದೆ, ಅಷ್ಟರಲ್ಲಿ ಬೇರೆ ಕೆಲಸ ಬಂದು ಹಾಗೇ ಬಿಟ್ಟಿದ್ದೆ. ದೀಪ ಹತ್ತಿತು.

"ಏಯ್, ಇಲ್ನೋಡೇ," ಎಂದು ನಕ್ಕರು. "ಐದೈತೆ!"

ಪರದೆಯಲ್ಲಿ ಬಲಗಾಲಿಗೆ ಐದು ಬೆರಳಿದ್ದವು. ಹೆಬ್ಬೆರಳು ಉಗುರಿನ ಸಮೇತ ದುಂಡಗೆ ತನ್ನ ಜಾಗದಲ್ಲಿ ಕೂತಿತ್ತು, ಯಾವತ್ತೂ ಎಲ್ಲಿಗೂ ಹೋಗಿಯೇ ಇರಲಿಲ್ಲವೆನ್ನುವಂತೆ. ಇವರ ನಗು ನಿಂತಿತು. ಪರದೆಯನ್ನು ನೋಡಿದರು, ಬಗ್ಗಲಾರದೆ ಬಗ್ಗಿ ಕಾಲನ್ನು ನೋಡಲು ಹೆಣಗಿದರು, ಮತ್ತೆ ಪರದೆ ನೋಡಿದರು. "ಎಲ್ಲ ಸರಿಯಾಗಿದೆ," ಎಂದಿತು ನನ್ನ ದನಿ. ನಾನು ಹೋಗಿ ವೈರು ಕಿತ್ತೆ.

ಇವರು ಕುರ್ಚಿಗೆ ಬಂದು ಕೂತರು. ನಾನು ಕಾಫಿ ಕೊಡಲು ಬಗ್ಗಿದರೆ ಲೋಟ ತೆಗೆದುಕೊಳ್ಳಲಿಲ್ಲ, ಬಲಗಾಲನ್ನು ಮುಂದೆ ಚಾಚಿದರು. "ನೀನೇ ನೋಡು," ಎಂದರು. "ಐತಲ್ಲ, ಅದನ್ನ ಹೇಳು."

ನೆಲದ ಮೇಲೆ ಕೂತು ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ತಿರುಗಿಸಿದೆ. ಹೊಲಿಗೆ ಒಣಗಿತ್ತು. ಕೀವಿರಲಿಲ್ಲ. ನಾಲ್ಕು ಬೆರಳು. ಒಂದೊಂದನ್ನೇ ಬಿಡಿಸಿ ನೋಡುತ್ತಾ ಬಂದೆ. ಉಳಿದ ಮೊದಲ ಬೆರಳಿನ ಸಂದಿಯಲ್ಲಿ ಹೆಸರುಕಾಳಿನಷ್ಟು ಕೆಂಪಗಿತ್ತು.

ತಲೆಯೆತ್ತಿದೆ. ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ಮೂರು ವಾರದಲ್ಲಿ ಅರ್ಧವಾಗಿದ್ದ ಆ ಮುಖ ನೋಡಿ, ಏನೂ ಇಲ್ಲ, ಚೆನ್ನಾಗಿದೆ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಅದನ್ನು ನುಂಗಿಕೊಳ್ಳಲು ಬಹಳ ಕಷ್ಟವಾಯಿತು.

"ಇಲ್ಲಿ ಕೆಂಪಗಿದೆ ಕಣ್ರೀ," ಎಂದೆ. "ಹೊಸದು."

"ಹೌದಾ," ಎಂದರು. ಏನಿಲ್ಲ ಬಿಡೇ ಎನ್ನಲಿಲ್ಲ, ಕಾಲನ್ನು ಎಳೆದುಕೊಳ್ಳಲೂ ಇಲ್ಲ. ಗೋಡೆ ಹಿಡಿದು ಎದ್ದರು.

"ನಡಿ, ಸೀರೆ ಉಟ್ಕೊ. ಎಂಟೂವರೆ ಬಸ್ಸಿಗೆ ಹೋದ್ರೆ ಡಾಕ್ಟ್ರು ಸಿಗ್ತಾರೆ."

ಹನ್ನೊಂದು ವರ್ಷದಲ್ಲಿ ಇವರಾಗಿಯೇ ಆಸ್ಪತ್ರೆಗೆ ಹೊರಟದ್ದು ಅದೇ ಮೊದಲು.